ದುಡಿಯುವ ಬೆನ್ನಿನ ರಕ್ಷಣೆ

ಕಳೆದ ವರ್ಷ ದೀಪಾವಳಿಯ ರಜೆ ಮುಗಿದು ಶಾಲೆ ತೆರೆದಾಗ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಬಾಲಕನ ಸ್ಥಾನ ಬರಿದಾಗಿತ್ತು. ವಿಚಾರಿಸಲೆಂದು ಆತನ ಮನೆಗೆ ಹೋದೆನು. ತಂದೆ ಹಮಾಲಿ. ಲಾರಿಯಿಂದ ಮೂಟೆಯನ್ನು ಇಳಿಸಿಕೊಳ್ಳುವಾಗ ಕಾಲನ್ನು ಸರಿಸದೆ ಸೊಂಟವನ್ನು ಮಾತ್ರ ತಿರುಗಿಸಿದ್ದರಿಂದ ಬೆನ್ನಿನಲ್ಲಿ ನೋವು ಹುಟ್ಟಿತ್ತು. “ಎಣ್ಣೆ ತಿಕ್ಕಿದರೆ ಹೋದೀತು ಎಂದು ಒಂದು ತಿಂಗಳು ಹಾಗೆಯೇ ಹೊತ್ತೆ, ಸಾರ್” ಎಂದರು ಅವರು. ಈಗ ಎದ್ದು ನಿಲ್ಲಲು ಗೋಡೆಯ ಆಸರೆ ಬೇಕಾಗಿತ್ತು. ಮನೆಯ ಗಂಜಿಗಾಗಿ ಮಗನು ಹತ್ತಿ ಬಿಡಿಸಲು ಹೋಗುತ್ತಿದ್ದನು. ತಂದೆಯ ಬೆನ್ನಿಗೆ ಬಿದ್ದ ಪೆಟ್ಟು ಮಗನ ಪುಸ್ತಕದ ಮೇಲೆಯೂ ಬಿದ್ದಿತ್ತು. ಈ ಪಾಠವನ್ನು ಬರೆಯಲು ಅದೇ ಕಾರಣ.

1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ನಮ್ಮ ಆದವಾನಿಯು ಹತ್ತಿಯ ವ್ಯಾಪಾರಕ್ಕೆ ಹೆಸರಾದ ಪಟ್ಟಣ. ಮಾರುಕಟ್ಟೆಯ ಅಂಗಳದಲ್ಲಿ ಮೂಟೆ ಹೊರುವವರು, ಜಿನ್ನಿಂಗ್ ಕಾರ್ಖಾನೆಗಳಲ್ಲಿ ದುಡಿಯುವವರು, ಆಲೂರು, ಕೌತಾಳಂ, ಕೋಸಿಗಿಗಳ ಹೊಲಗಳಲ್ಲಿ ದಿನವಿಡೀ ಬಗ್ಗಿ ಕಳೆ ಕೀಳುವವರು, ಇವರೆಲ್ಲರಿಗೂ ಶರೀರವೇ ಮೂಲಧನ. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎಂಬುದು ನಮ್ಮ ಹಿರಿಯರ ಗಾದೆ. ಆದರೆ ದುಡಿಯುವ ಆಳೇ ಹಾಸಿಗೆ ಹಿಡಿದರೆ ಉಣ್ಣುವುದೆಲ್ಲಿ ಬಂತು?

ಮೊದಲು ಬೆನ್ನಿನ ರಚನೆಯನ್ನು ತಿಳಿಯೋಣ. ಬೆನ್ನೆಲುಬು ಒಂದೇ ಎಲುಬಲ್ಲ; ಅದು ಮಣಿಗಳ ಸರ. ಕೊರಳಿನಿಂದ ಸೊಂಟದವರೆಗೆ ಬಿಡಿಬಿಡಿಯಾಗಿ ಚಲಿಸುವ ಮಣಿಗಳು 24. ಅವುಗಳ ನಡುವೆ ಮೃದ್ವಸ್ಥಿಯ ಬಿಲ್ಲೆಗಳಿವೆ. ಬಂಡಿಗೆ ಕಮಾನು ಇದ್ದಂತೆ ಈ ಬಿಲ್ಲೆಗಳು ಪೆಟ್ಟನ್ನು ತಾಳಿಕೊಳ್ಳುತ್ತವೆ. ಪ್ರಾಯದವರಲ್ಲಿ ಇವುಗಳಿಗೆ ನೇರವಾದ ರಕ್ತಸಂಚಾರವು ಬಹಳ ಕಡಿಮೆ. ಆದುದರಿಂದ ಸ್ನಾಯುವಿನ ಗಾಯದಷ್ಟು ಬೇಗ ಇವು ಮಾಯುವುದಿಲ್ಲ. ಬಿಲ್ಲೆ ಉಬ್ಬಿ ಪಕ್ಕದ ನರವನ್ನು ಒತ್ತಿದರೆ ನೋವು ಕಾಲಿನವರೆಗೂ ಇಳಿಯುವುದುಂಟು.

ಇನ್ನು ವಿಜ್ಞಾನದ ತರಗತಿಯಲ್ಲಿ ಕಲಿತ ಸನ್ನೆಗೋಲನ್ನು ನೆನಪಿಗೆ ತಂದುಕೊಳ್ಳಿರಿ. ಆಧಾರ ಬಿಂದುವಿನಿಂದ ಭಾರವು ದೂರವಾದಷ್ಟೂ ಅದನ್ನು ಎತ್ತಲು ಹೆಚ್ಚು ಬಲ ಬೇಕು. ಇಲ್ಲಿ ಸೊಂಟದ ಮಣಿಯೇ ಆಧಾರ ಬಿಂದು. ಅದರ ಹಿಂದೆ ಸುಮಾರು 5 ಸೆಂಟಿಮೀಟರು ದೂರದಲ್ಲಿ ಬೆನ್ನಿನ ಸ್ನಾಯುಗಳಿವೆ. 20 ಕಿಲೋಗ್ರಾಮಿನ ಚೀಲವನ್ನು 40 ಸೆಂಟಿಮೀಟರು ಮುಂದಕ್ಕೆ ಚಾಚಿ ಹಿಡಿದರೆ ಸ್ನಾಯುಗಳು ಎಷ್ಟು ಎಳೆಯಬೇಕು? 20ನ್ನು 40ರಿಂದ ಗುಣಿಸಿ 5ರಿಂದ ಭಾಗಿಸಿರಿ: 160 ಕಿಲೋಗ್ರಾಮಿನ ಭಾರಕ್ಕೆ ಸಮನಾದ ಎಳೆತ! ಅದೇ ಚೀಲವನ್ನು 20 ಸೆಂಟಿಮೀಟರಿಗೆ ತಂದುಕೊಂಡರೆ ಎಳೆತ 80ಕ್ಕೆ ಇಳಿಯುತ್ತದೆ. ಬಗ್ಗಿದವನ ಮೈಭಾರವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಚೀಲ ಅದೇ, ಮನುಷ್ಯನೂ ಅವನೇ. ಬದಲಾದುದು ದೂರ ಮಾತ್ರ.

ಈ ಲೆಕ್ಕದಿಂದಲೇ ನಿಯಮಗಳು ಹೊರಡುತ್ತವೆ. ಎತ್ತುವ ಮೊದಲು ಚೀಲವನ್ನು ಸ್ವಲ್ಪ ಅಲುಗಿಸಿ ಭಾರವನ್ನು ಅಂದಾಜು ಮಾಡಬೇಕು. ನಡೆಯುವ ದಾರಿಯಲ್ಲಿ ಕಲ್ಲು, ಹಗ್ಗ, ಎಣ್ಣೆಯ ಜಾರಿಕೆ ಇಲ್ಲವೆಂದು ನೋಡಿಕೊಳ್ಳಬೇಕು. ಕಾಲುಗಳನ್ನು ಅಗಲಿಸಿ, ಮೊಣಕಾಲುಗಳನ್ನು ಮಡಿಸಿ, ಹೊರೆಯನ್ನು ಮೈಗೆ ಒತ್ತಿಕೊಂಡು, ಜಗ್ಗದೆ, ನಿಧಾನವಾಗಿ ಏಳಬೇಕು. ತಿರುಗಬೇಕಾದಾಗ ಪಾದಗಳನ್ನೇ ಸರಿಸಬೇಕು. ಹೊರೆಹೊತ್ತು ಸೊಂಟವನ್ನು ತಿರುಚಲೇಬಾರದು. ಒಬ್ಬನಿಗೆ ಮಿಕ್ಕಿದುದನ್ನು ಇಬ್ಬರು ಎತ್ತಲಿ. ಕೈಗಾಡಿ ಇದ್ದಲ್ಲಿ ಹೆಗಲೇಕೆ? ಸೊಂಟಕ್ಕೆ ವಸ್ತ್ರವನ್ನು ಬಿಗಿದ ಮಾತ್ರಕ್ಕೆ ಬೆನ್ನು ಸುರಕ್ಷಿತವೆಂದು ತಿಳಿಯಬಾರದು.

ಹತ್ತಿ ಬಿಡಿಸುವ ತಾಯಂದಿರಿಗೂ ಈ ಲೆಕ್ಕ ಸಲ್ಲುತ್ತದೆ. ಉಡಿ ತುಂಬಿದಷ್ಟೂ ಭಾರವು ಮುಂದಕ್ಕೆ ಜಗ್ಗುತ್ತದೆ. ಉಡಿಯನ್ನು ಆಗಾಗ ಬರಿದು ಮಾಡಿ, ನೆಟ್ಟಗೆ ನಿಂತು, ಅಂಗೈಗಳನ್ನು ಸೊಂಟದ ಮೇಲಿರಿಸಿ ಮೆಲ್ಲನೆ ಹಿಂದಕ್ಕೆ ಬಾಗಿದರೆ ಸ್ನಾಯುಗಳಿಗೆ ವಿಶ್ರಾಂತಿ ದೊರೆಯುತ್ತದೆ.

ಆದರೆ ದೋಷವೆಲ್ಲವೂ ದುಡಿಯುವವನದೇ ಎಂದು ಯಾರೂ ಭಾವಿಸಬಾರದು. ಇಟಲಿಯ ವೈದ್ಯ ರಾಮಝಿನಿಯು 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿ, ರೋಗಿಯನ್ನು ‘ನಿನ್ನ ಕಸುಬೇನು?’ ಎಂದು ಕೇಳಬೇಕೆಂದು ವೈದ್ಯರಿಗೆ ತಿಳಿಸಿದನು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೂಲಿಗಾರರು ಗಿಡ್ಡ ಹಿಡಿಯ ಗುದ್ದಲಿಯಿಂದ ದಿನವೆಲ್ಲ ಬಗ್ಗಿ ಕೆಲಸ ಮಾಡಿ ಬೆನ್ನು ಕೆಡಿಸಿಕೊಳ್ಳುತ್ತಿದ್ದರು. 1975ರಲ್ಲಿ ಅಲ್ಲಿ ಆ ಗುದ್ದಲಿಯನ್ನೇ ನಿಷೇಧಿಸಲಾಯಿತು. ಹಿಡಿ ಉದ್ದವಾಯಿತು, ಮನುಷ್ಯನು ನೆಟ್ಟಗಾದನು. ಕೆಲಸಕ್ಕಾಗಿ ಶರೀರವನ್ನು ಬಗ್ಗಿಸುವುದಕ್ಕಿಂತ ಶರೀರಕ್ಕೆ ತಕ್ಕಂತೆ ಕೆಲಸವನ್ನು ಹೊಂದಿಸುವುದೇ ವಿವೇಕ.

ನಮ್ಮ ದೇಶದಲ್ಲಿಯೂ 1948ರ ಕಾರ್ಖಾನೆ ಕಾಯಿದೆಯು, ಗಾಯವಾಗುವ ಸಂಭವವಿರುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದೆಂದು ವಿಧಿಸಿತು. ಪ್ರಾಯದ ಪುರುಷನೊಬ್ಬನು ಹೊರುವ ಭಾರದ ಮಿತಿ 55 ಕಿಲೋಗ್ರಾಮಿಗಿಂತ ಹೆಚ್ಚಿರುವಲ್ಲಿ ಅದನ್ನು ಆ ಮಟ್ಟಕ್ಕೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಶಿಫಾರಸು ಮಾಡಿತು. ಸ್ತ್ರೀಯರಿಗೂ ಎಳೆಯರಿಗೂ ಇದಕ್ಕಿಂತ ಬಹಳ ಕಡಿಮೆ ಇರಬೇಕು. ಚೀಲವನ್ನು ತುಂಬಿಸುವ ರೈತರೂ ವರ್ತಕರೂ ಇದನ್ನು ಮನಸ್ಸಿನಲ್ಲಿಡಬೇಕು. ಭಾರವನ್ನು ನಿರ್ಧರಿಸುವವನು ಒಬ್ಬ, ಅದನ್ನು ಹೊರುವವನು ಇನ್ನೊಬ್ಬನಲ್ಲವೇ?

ನೋವು ಬಂದರೆ ಮುಚ್ಚಿಡಬೇಡಿರಿ. ನೋವನ್ನು ನುಂಗಿ ಹೊರುವುದು ಗಂಡಸುತನವಲ್ಲ. ಭಾರದ ಕೆಲಸವನ್ನು ನಿಲ್ಲಿಸಿ, ಆದಷ್ಟು ಮಟ್ಟಿಗೆ ಮೆಲ್ಲನೆ ನಡೆದಾಡುತ್ತಿರಬೇಕು. ವಾರಗಟ್ಟಲೆ ಮಲಗಿಯೇ ಇದ್ದರೆ ಸ್ನಾಯುಗಳು ಇನ್ನಷ್ಟು ಸೊರಗುತ್ತವೆ. ನೋವು ಇಳಿಯದಿದ್ದರೆ ವೈದ್ಯರನ್ನು ಕಾಣಬೇಕು. ಕಾಲು ಜೋಮು ಹಿಡಿದರೆ, ಶಕ್ತಿಗುಂದಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಸೊಂಟವನ್ನು ತುಳಿಸಿಕೊಳ್ಳುವುದು ಅಪಾಯಕರ.

ವಿದ್ಯಾರ್ಥಿಗಳೇ, ನಿಮ್ಮ ಬೆನ್ನಿಗೂ ಹೊರೆ ಇದೆ. ಪುಸ್ತಕದ ಚೀಲವು ಮೈತೂಕದ ನೂರರಲ್ಲಿ ಹತ್ತು ಪಾಲನ್ನು ಮೀರಬಾರದೆಂದು 2020ರಲ್ಲಿ ಭಾರತ ಸರಕಾರದ ಶಾಲಾ ಚೀಲದ ನೀತಿಯು ತಿಳಿಸಿದೆ. ಅದನ್ನು ಎರಡೂ ಹೆಗಲುಗಳಿಗೆ ಹಾಕಿ ಬೆನ್ನಿಗೆ ಅಂಟಿಸಿಕೊಳ್ಳಿರಿ.

ಆ ಬಾಲಕನು ಸಂಕ್ರಾಂತಿಯ ನಂತರ ಶಾಲೆಗೆ ಮರಳಿದನು. ತಂದೆ ಈಗ ಮೂಟೆ ಹೊರುವುದಿಲ್ಲ. ಚೀಲಗಳ ಬಾಯಿ ಹೊಲಿಯುತ್ತಾರೆ, ಸಂಪಾದನೆ ಮೊದಲಿನಷ್ಟಿಲ್ಲ. ಸನ್ನೆಗೋಲಿನ ಪಾಠದ ದಿನ ಆ ಹುಡುಗನು ಲೆಕ್ಕವನ್ನು ಎರಡು ಸಲ ಬರೆದುಕೊಂಡನು. ಎರಡನೆಯದು ಏಕೆಂದು ಕೇಳಿದಾಗ, “ಅಪ್ಪನ ಜೊತೆಯವರಿಗೆ ತೋರಿಸಬೇಕು, ಸಾರ್” ಎಂದನು. ನೀವೂ ಈ ಪುಟವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿರಿ. ಮೂಟೆ ಎತ್ತಲು ನಾಳೆ ಹೊರಡುವವರು ಇಂದು ರಾತ್ರಿಯೇ ಇದನ್ನು ಕೇಳಲಿ.