ನೀಲಿ ಶಾರ್ಕ್‌ನ ಮೈಮೇಲಿನ ಜೀವಿಗಳು

‘ಇದಕ್ಕೇನಾದರೂ ರೋಗ ಬಂದಿದೆಯಾ?’ ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಲೂ ಬಂದರಿನಿಂದ ಹೊರಡುವ ಗಾಳದ ದೋಣಿಗಳಲ್ಲಿ ಹೊಸಬರು ಪದೇ ಪದೇ ಕೇಳುವ ಪ್ರಶ್ನೆಯಿದು. ನೀಲಿ ಶಾರ್ಕ್ ದೋಣಿಯ ಪಕ್ಕಕ್ಕೆ ಬಂದಾಗ ಅದರ ಈಜುರೆಕ್ಕೆಯ ಹಿಂದಂಚಿಗೆ ಕಂದು ಬಣ್ಣದ ಚಪ್ಪಟೆ ಜೀವಿಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಅವುಗಳ ಹಿಂದೆ ಎಳೆಯಂಥ ಎರಡು ದಾರಗಳು ತೇಲುತ್ತಿರುತ್ತವೆ.

ಅವು ಕೋಪೆಪಾಡ್‌ಗಳು, ಸೀಗಡಿ ಮತ್ತು ಏಡಿಯ ಬಳಗದವು. ಆ ದಾರಗಳು ಮೊಟ್ಟೆಯ ಸರಗಳು. ಮೊಟ್ಟೆಯೊಡೆದ ಮರಿಗಳು ಕೆಲಕಾಲ ನೀರಿನಲ್ಲಿ ತೇಲಿ, ಆಮೇಲೆ ಇನ್ನೊಂದು ಶಾರ್ಕ್‌ನ ಮೈ ಸೇರಬೇಕು. ಅಷ್ಟು ದೊಡ್ಡ ಅಟ್ಲಾಂಟಿಕ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಯೊಂದು ತನಗೆ ಬೇಕಾದ ಮೀನನ್ನೇ ಹುಡುಕಿಕೊಳ್ಳುವುದು ನನಗೆ ಇಂದಿಗೂ ಬೆರಗು. ನೀಲಿ ಶಾರ್ಕ್‌ನ ಮೇಲೆ ಎಖ್ತ್ರೊಗೇಲಿಯಸ್ ಎಂಬ ಕುಲದವು ಸಿಗುತ್ತವೆ. ಕಿವಿರಿನ ಎಳೆಗಳಲ್ಲಿ ಅಡಗಿರುವ ಕ್ರೋಯೇರಿಯಾ ಕುಲದವು ಗಾಳದವರ ಕಣ್ಣಿಗೆ ಬೀಳುವುದೇ ಇಲ್ಲ. ಕರುಳಿನಲ್ಲಿರುವ ಲಾಡಿಹುಳುಗಳ ಲೋಕವಂತೂ ಬೇರೆಯೇ.

ಚೆನ್ನಾಗಿ ತಿಂದುಂಡು ಈಜುವ ಶಾರ್ಕ್‌ನ ಮೇಲೂ ಇವು ಇರುತ್ತವೆ ಎಂಬುದನ್ನು ಇಲ್ಲಿ ಕಲಿತೆ. ರೆಕ್ಕೆಯಂಚಿನ ನಾಲ್ಕಾರು ಕೋಪೆಪಾಡ್‌ಗಳಿಂದ ಅಷ್ಟು ದೊಡ್ಡ ಪ್ರಾಣಿಗೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಎಲ್ಲವೂ ಹೀಗಲ್ಲ, ನಿಜ. ಉತ್ತರ ಧ್ರುವದ ಕಡೆಯ ಗ್ರೀನ್‌ಲ್ಯಾಂಡ್ ಶಾರ್ಕ್‌ನ ಕಣ್ಣಿಗೇ ಕಚ್ಚಿಕೊಳ್ಳುವ ಒಮಾಟೊಕೊಯ್ಟಾ ಎಂಬ ಕೋಪೆಪಾಡ್ ಅದರ ದೃಷ್ಟಿಯನ್ನು ಹಾಳುಮಾಡಬಹುದು.

ಕರುಣೆಯಿಂದಲೇ ಕೆಲವರು ನೀಲಿ ಶಾರ್ಕ್‌ನ ಮೇಲಿನ ಈ ಜೀವಿಗಳನ್ನು ಉಗುರಿನಿಂದ ಕೆರೆದು ತೆಗೆಯಲು ಕೈಚಾಚುತ್ತಾರೆ. ನಾಯಿಯ ಮೈಯಿಂದ ಉಣ್ಣೆ ಕೀಳುವ ಅಭ್ಯಾಸ ಅದು. ನಾನು ತಡೆಯುತ್ತೇನೆ. ಕೊಕ್ಕೆಯಂಥ ಅಂಗಗಳಿಂದ ಅವು ಚರ್ಮವನ್ನು ಬಿಗಿಯಾಗಿ ಹಿಡಿದಿರುತ್ತವೆ, ಎಳೆದರೆ ಗಾಯವಾಗಬಹುದು. ಅದಕ್ಕಿಂತ ಮುಖ್ಯವಾಗಿ, ಗಾಳದೊಂದಿಗೆ ಸೆಣಸಿ ದಣಿದ ಶಾರ್ಕ್‌ಗೆ ಆ ಹೊತ್ತಿನಲ್ಲಿ ಬೇಕಾದದ್ದು ಬಿಡುಗಡೆ. ತೆರೆದ ಕಡಲಿನ ಈ ಮೀನುಗಳು ಮುಂದಕ್ಕೆ ಈಜುತ್ತಲೇ ಕಿವಿರಿಗೆ ನೀರು ಹಾಯಿಸಿಕೊಳ್ಳಬೇಕು. ದೋಣಿಯ ಪಕ್ಕ ಕಟ್ಟಿಹಾಕಿದಂತೆ ನಿಲ್ಲಿಸಿದರೆ ಉಸಿರಿಗೇ ಕಷ್ಟ.

ಇದೇ ಬಂದರಿನಲ್ಲಿ 1953ರಲ್ಲಿ ಶಾರ್ಕ್ ಆಂಗ್ಲಿಂಗ್ ಕ್ಲಬ್ ಆಫ್ ಗ್ರೇಟ್ ಬ್ರಿಟನ್ ಹುಟ್ಟಿತು. ಆ ಕಾಲದಲ್ಲಿ ಶಾರ್ಕನ್ನು ದಡಕ್ಕೆ ತಂದು ತೂಗುತ್ತಿದ್ದರು. ಈಗ ನೀರಿನಲ್ಲೇ ಗಾಳ ಬಿಡಿಸಿ ಕಳಿಸುವುದು ರೂಢಿ, ಕೆಲವಕ್ಕೆ ಗುರುತಿನ ಪಟ್ಟಿಯನ್ನೂ ಹಾಕುತ್ತಾರೆ. ಈ ಬದಲಾವಣೆ ನನಗೆ ತುಂಬ ಇಷ್ಟ. ಆದರೆ ಸತ್ತ ಶಾರ್ಕ್ ದಡದಲ್ಲಿದ್ದಾಗ ಪರಾವಲಂಬಿಗಳನ್ನು ಬಿಡುವಾಗಿ ಪರೀಕ್ಷಿಸಬಹುದಿತ್ತು. ಈಗ ನಮಗೆ ಸಿಗುವುದು ಕೆಲವು ಕ್ಷಣ ಮಾತ್ರ. ಹಾಗಾಗಿ ಒಬ್ಬರು ಗಾಳ ಬಿಡಿಸುವಾಗಲೇ ಇನ್ನೊಬ್ಬರು ಬೆನ್ನಿನ ರೆಕ್ಕೆಯ ಹಿಂದಂಚು, ಬಾಲದ ಬುಡ, ಬಾಯಿಯ ಮೂಲೆಗಳ ಚಿತ್ರ ತೆಗೆಯಬೇಕು. ಮೊಟ್ಟೆಯ ಸರ ಕಾಣುವಷ್ಟು ಹತ್ತಿರದಿಂದ ತೆಗೆದು, ಜೊತೆಗೆ ದಿನಾಂಕ, ಸ್ಥಳ, ಶಾರ್ಕ್ ಗಂಡೋ ಹೆಣ್ಣೋ ಎಂಬುದನ್ನು ಬರೆದಿಟ್ಟರೆ ಪರಾವಲಂಬಿಗಳನ್ನು ಅಭ್ಯಸಿಸುವವರಿಗೆ ಅದು ಕೆಲಸಕ್ಕೆ ಬರುತ್ತದೆ.