ಗೇಟಿನಿಂದ ಖಾತೆಯವರೆಗೆ: ಜಾಲತಾಣವನ್ನು ಪರೀಕ್ಷಿಸುವ ಪಾಠ

ಕಳೆದ ವರ್ಷ ನಮ್ಮ ಸಂಘದ ವಿದ್ಯಾರ್ಥಿ ಸಹಾಯದ ಅರ್ಜಿಗಳನ್ನು ಕಾಗದದ ಬದಲು ಜಾಲತಾಣದ ಮೂಲಕ ತೆಗೆದುಕೊಂಡೆವು. ರಾತ್ರಿ ಪಾಳಿ ಮುಗಿಸಿ ಬಂದ ಸದಸ್ಯರೊಬ್ಬರು ಮಗಳ ಅರ್ಜಿಯನ್ನು ಫೋನಿನಲ್ಲಿಯೇ ತುಂಬಿದರು. 'ಅರ್ಜಿ ತಲುಪಿತು, ವಂದನೆಗಳು' ಎಂದು ಪುಟ ಹೇಳಿತು. ಆದರೆ ಅರ್ಜಿ ನಮ್ಮ ದಫ್ತರಕ್ಕೆ ಬಂದಿರಲೇ ಇಲ್ಲ! ಹಿಂದಿನ ದಿನ ನಾವು ಮಾಡಿದ್ದ ಸಣ್ಣ ತಿದ್ದುಪಡಿಯೇ ಇದಕ್ಕೆ ಕಾರಣ. ಅವರು ವಿಚಾರಿಸಲು ಬಂದುದರಿಂದ ತಪ್ಪು ಬಯಲಾಯಿತು. ಸಂಕೋಚದಿಂದ ಸುಮ್ಮನಿದ್ದಿದ್ದರೆ ಆ ಹುಡುಗಿಯ ಪುಸ್ತಕದ ಹಣ ತಪ್ಪಿಹೋಗುತ್ತಿತ್ತು. ಆ ಮೇಲೆ ನಾವು ಕಲಿತದ್ದನ್ನು ವಾಚಕ ಬಂಧುಗಳ ಮುಂದಿಡುತ್ತೇವೆ.

ಇಂದಾಪುರ ತಾಲೂಕಿನಲ್ಲಿರುವ ನಮಗೆ ಸಕ್ಕರೆ ಕಾರ್ಖಾನೆಯ ರೀತಿ ಗೊತ್ತಿರುವುದಷ್ಟೆ. ತೂಕದ ಕಾಟಾ ಸರಿಯಿರಬಹುದು; ಚೀಟಿ ಬರೆಯುವ ಗುಮಾಸ್ತರೂ ಸರಿಯಿರಬಹುದು. ಆದರೆ ಚೀಟಿಯ ಅಂಕಿ ಲೆಕ್ಕದ ಪುಸ್ತಕಕ್ಕೆ ಏರದಿದ್ದರೆ ರೈತನಿಗೆ ಹಣವಿಲ್ಲ. ಕಬ್ಬಿನ ಒಂದು ಗಾಡಿಯನ್ನು ಗೇಟಿನಿಂದ ಹಿಡಿದು ಖಾತೆಗೆ ಹಣ ಜಮೆಯಾಗುವವರೆಗೆ ಬೆನ್ನುಹತ್ತಿ ನೋಡಬೇಕು. ಜಾಲತಾಣಕ್ಕೂ ಇಂಥದೇ ಪರೀಕ್ಷೆ ಬೇಕು.

ಇದನ್ನು ಪ್ರತಿಸಲ ಕೈಯಿಂದ ಮಾಡಬೇಕಾಗಿಲ್ಲ. ಒಂದು ಪ್ರೋಗ್ರಾಮು ತಾನೇ ಬ್ರೌಸರನ್ನು ತೆರೆದು, ಅಕ್ಷರ ತುಂಬಿ, ಗುಂಡಿ ಒತ್ತುತ್ತದೆ. 2004ರಲ್ಲಿ ಅಮೇರಿಕದ ಶಿಕಾಗೋದಲ್ಲಿ ಜೇಸನ್ ಹಗಿನ್ಸ್ ಎಂಬವರು ಇದಕ್ಕಾಗಿ 'ಸೆಲೆನಿಯಂ' ಎಂಬ ಸಾಧನವನ್ನು ಆರಂಭಿಸಿದರು. ಅದರ ಸಮ್ಮೇಳನವು 2014ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. 2020ರಲ್ಲಿ ಮೈಕ್ರೋಸಾಫ್ಟಿನವರು 'ಪ್ಲೇರೈಟ್' ಎಂಬುದನ್ನು ಹೊರತಂದರು. ಎರಡೂ ಉಚಿತವಾಗಿ ದೊರೆಯುತ್ತವೆ.

ಪರೀಕ್ಷೆ ಬರೆಯುವವರು ನೆನಪಿಡತಕ್ಕ ಮಾತುಗಳಿವು:

1. ಮುಖ್ಯವಾದ ಕೆಲವೇ ದಾರಿಗಳನ್ನು ಆರಿಸಿರಿ. ಇಂಥ ಪರೀಕ್ಷೆ ನಿಧಾನವಾದುದು. ಎಲ್ಲಕ್ಕೂ ಬರೆಯಹೋದರೆ ನಿಭಾಯಿಸಲಾಗದು. ಸಣ್ಣ ಲೆಕ್ಕಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರೆ ಸಾಕು.

2. ಗುಂಡಿಯನ್ನು 'ಪುಟದ ಮೂರನೆಯದು' ಎಂದು ಗುರುತಿಸದೆ, 'ಕಳುಹಿಸಿರಿ' ಎಂಬ ಹೆಸರಿನಿಂದ ಗುರುತಿಸಿರಿ. ಪುಟದ ಅಂದ ಬದಲಾದರೂ ಪರೀಕ್ಷೆ ಕೆಡದು.

3. 'ಐದು ಸೆಕೆಂಡು ಕಾಯಿ' ಎಂದು ಬರೆಯಬೇಡಿರಿ. ಜಾಲ ನಿಧಾನವಾದ ದಿನ ಅದು ಸಾಲದು, ಉಳಿದ ದಿನ ವ್ಯರ್ಥ. 'ಉತ್ತರ ಕಾಣುವವರೆಗೆ ಕಾಯಿ' ಎನ್ನಿರಿ. ಅದಕ್ಕೊಂದು ಗರಿಷ್ಠ ಅವಧಿಯನ್ನೂ ಇಡಿರಿ.

4. ಸದಸ್ಯರ ನಿಜವಾದ ದಾಖಲೆಗಳನ್ನು ಮುಟ್ಟದೆ, ಪರೀಕ್ಷೆಗೆಂದೇ ಬೇರೆ ದಫ್ತರವಿಡಿರಿ.

5. ವಂದನೆಯ ಮಾತನ್ನು ನಂಬಬೇಡಿರಿ. ಕಾರ್ಯದರ್ಶಿಯ ಹೆಸರಿನಲ್ಲಿ ಒಳಹೊಕ್ಕು, ಅರ್ಜಿ ಪಟ್ಟಿಯಲ್ಲಿದೆಯೇ ಎಂದು ನೋಡುವುದು ಕೊನೆಯ ಹೆಜ್ಜೆಯಾಗಿರಲಿ. ನಾವು ತಪ್ಪಿದ್ದು ಇಲ್ಲಿಯೇ.

6. ಕನ್ನಡದಲ್ಲಿಯೂ ತುಂಬಿಸಿ ನೋಡಿರಿ. 'ತೋಟ' ಎಂಬುದರಲ್ಲಿನ ಓಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ನಮ್ಮ ಕಣ್ಣಿಗೆ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳದಿದ್ದರೆ ಹುಡುಕಿದ ಹೆಸರು ಸಿಕ್ಕದು.

7. ಬರೆದಾದ ಮೇಲೆ ಜಾಲತಾಣವನ್ನು ಬೇಕೆಂತಲೇ ಒಮ್ಮೆ ಕೆಡಿಸಿ ನೋಡಿರಿ. ಆಗಲೂ 'ಎಲ್ಲ ಸರಿ' ಎನ್ನುವ ಪರೀಕ್ಷೆಯಿಂದ ಪ್ರಯೋಜನವಿಲ್ಲ.

ಈಗ ಪ್ರತಿಯೊಂದು ತಿದ್ದುಪಡಿಯಾದೊಡನೆ ನಮ್ಮ ಪರೀಕ್ಷೆ ತಾನೇ ಓಡುತ್ತದೆ.

ಇದು ಎಂಜಿನಿಯರರ ಕೆಲಸವೆಂದು ಗುಮಾಸ್ತ ಬಂಧುಗಳು ಹಿಂಜರಿಯಬಾರದು. ಯಾವ ಕಾಗದ ಯಾರ ಮೇಜಿಗೆ ಹೋಗಬೇಕು, ಎಲ್ಲಿ ತಡೆಯುತ್ತದೆ ಎಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಮೊದಲು ಹೆಜ್ಜೆಗಳನ್ನು ಅಚ್ಚಕನ್ನಡದಲ್ಲಿ ಬರೆಯಿರಿ. ಪ್ರೋಗ್ರಾಮಿನ ಭಾಷೆ ಆ ಮೇಲಿನದು. ರವಿವಾರ ವಾಚನಾಲಯಕ್ಕೆ ಬರುವಾಗ ಆ ವಹಿಯನ್ನು ತನ್ನಿರಿ, ಕೂಡಿ ಕಲಿಯೋಣ.