ಸೊಂಟದ ಕೀಲು ಕೆಟ್ಟ ಕಾವಲು ನಾಯಿಯ ಶಸ್ತ್ರಚಿಕಿತ್ಸೆ ಮತ್ತು ಆರೈಕೆ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಖುಷ್ಕಿ ಬೇಸಾಯಕ್ಕೆ ಕುರಿಯ ಮಂದೆಯು ದೊಡ್ಡ ಆಸರೆಯಾಗಿದೆ. ರಾಗಿ, ನೆಲಗಡಲೆಗಳ ಕೊಯ್ಲು ಮುಗಿದ ಹೊಲಗಳಲ್ಲಿ ಮಂದೆ ನಿಲ್ಲಿಸಿ ಗೊಬ್ಬರ ಪಡೆಯುವುದು ಇಲ್ಲಿನ ಹಳೆಯ ಪದ್ಧತಿ. ಬಯಲಿನಲ್ಲಿ ತಂಗಿದ ಆ ಮಂದೆಯನ್ನು ತೋಳ, ಚಿರತೆ, ಕಳ್ಳರಿಂದ ಕಾಯತಕ್ಕದ್ದು ನಾಯಿಯೇ. ಆದಕಾರಣ ನಾಯಿಯೊಂದು ಕುಂಟಾಗಿ ಮೂಲೆ ಸೇರಿದರೆ ಮಂದೆಯವನಿಗೂ, ಹೊಲದ ಯಜಮಾನನಿಗೂ ನಷ್ಟ ಉಂಟಾಗುವುದು.

ಬೆಂಗಳೂರು–ಪುಣೆ ಹೆದ್ದಾರಿಯು ಸಿರಾ ಪಟ್ಟಣದ ಬಳಿಯಲ್ಲೇ ಹಾಯ್ದುಹೋಗುತ್ತದೆ. ಉಳಿದ ರಸ್ತೆಗಳಲ್ಲಿಯೂ ಮೋಟಾರು ವಾಹನಗಳ ಓಡಾಟವು ಹೆಚ್ಚಿದೆ. ನಾಯಿಗಳ ಸೊಂಟದ ಕೀಲು ತಪ್ಪುವುದಕ್ಕೆ ವಾಹನದ ಪೆಟ್ಟೇ ಬಹುಮಟ್ಟಿಗೆ ಕಾರಣ. ಇಂಥ ನಾಯಿಯ ಕಾಲು ಇನ್ನು ಬರುವುದಿಲ್ಲವೆಂದು ಕೈಬಿಡುವವರು ಅನೇಕರಿದ್ದಾರೆ. ಅದು ಸರಿಯಾದ ತಿಳಿವಳಿಕೆಯಲ್ಲ.

ಕೀಲಿನ ರಚನೆ

ತೊಡೆಯ ಎಲುಬಿನ ಮೇಲ್ತುದಿಯು ಗುಂಡಾಗಿದ್ದು, ಸೊಂಟದ ಎಲುಬಿನಲ್ಲಿರುವ ಬಟ್ಟಲಿನಂಥ ಕುಳಿಯಲ್ಲಿ ಕೂತಿರುತ್ತದೆ. ಪೆಟ್ಟು ಬಿದ್ದಾಗ ಈ ಗುಂಡು ಸಾಮಾನ್ಯವಾಗಿ ಮೇಲಕ್ಕೂ ಮುಂದಕ್ಕೂ ಜಾರುವುದು. ಆಗ ಆ ಕಾಲು ಗಿಡ್ಡವಾಗಿ ಕಾಣುವುದು; ಪಾದವು ಹೊಟ್ಟೆಯ ಕೆಳಗೆ ಒಳಮುಖವಾಗಿ, ಮಂಡಿಯು ಹೊರಮುಖವಾಗಿ ತಿರುಗಿರುವುದು; ನಾಯಿಯು ಮೂರೇ ಕಾಲಿನಲ್ಲಿ ನಡೆಯುವುದು. ಕೀಲು ತಪ್ಪಿದೆಯೋ, ಎಲುಬು ಮುರಿದಿದೆಯೋ ಎಂಬುದು ಎಕ್ಸ್‌ರೇ ಪಟದಿಂದಲೇ ನಿಶ್ಚಯವಾಗತಕ್ಕದ್ದು.

ಮೊದಲನೆಯ ದಿನದ ಕರ್ತವ್ಯ

ನೋವಿನಲ್ಲಿರುವ ನಾಯಿಯು ಯಜಮಾನನನ್ನೂ ಕಚ್ಚುವುದುಂಟು. ಉಸಿರಾಟವು ಸರಾಗವಾಗಿದ್ದರೆ ಮೂತಿಗೆ ಬಟ್ಟೆಯ ಪಟ್ಟಿ ಕಟ್ಟಿ, ಕಂಬಳಿಯ ಮೇಲಾಗಲಿ ಹಲಗೆಯ ಮೇಲಾಗಲಿ ಮಲಗಿಸಿ ಸಾಗಿಸಬೇಕು. ವಸಡು ಬೆಳ್ಳಗಾಗಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಮೂತ್ರ ಕಟ್ಟಿದ್ದರೆ ಮೂತ್ರಕೋಶಕ್ಕೆ ಪೆಟ್ಟಾಗಿರಬಹುದು. ಇವೆರಡೂ ಕಾಲಿಗಿಂತ ಮುಂಚೆ ನೋಡತಕ್ಕ ಸಂಗತಿಗಳು.

ಕಾಲನ್ನು ಎಳೆದು ಕೂರಿಸಲು ಯತ್ನಿಸುವುದು, ಬರೆ ಹಾಕುವುದು, ಬಿದಿರು ದಬ್ಬೆ ಕಟ್ಟುವುದು ಇವೆಲ್ಲ ಹಾನಿಕರವು. ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡಲೇಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದವುಗಳಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವುದು, ಮೂತ್ರಪಿಂಡಗಳೂ ಕೆಡುವುವು.

ತಪ್ಪಿದ ಕೀಲನ್ನು ಕೊಯ್ಯದೆ ಕೂರಿಸಬೇಕಾದರೆ ಮೊದಲ ಎರಡು ಮೂರು ದಿನಗಳೇ ಉತ್ತಮ ಕಾಲ. ದಿನಗಳು ಕಳೆದಂತೆ ಸ್ನಾಯುಗಳು ಬಿಗಿದು ಆ ಅವಕಾಶವು ತಪ್ಪಿಹೋಗುವುದು. ಆದ್ದರಿಂದ ವಿಳಂಬ ಮಾಡದೆ ತಾಲ್ಲೂಕಿನ ಪಶುವೈದ್ಯರಿಗೆ ತೋರಿಸಬೇಕು. ಅವರು ಸೂಚಿಸಿದರೆ ತುಮಕೂರಿಗಾಗಲಿ, 1958ರಲ್ಲಿ ಆರಂಭವಾದ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗಾಗಲಿ ಒಯ್ಯಬೇಕು.

ಚಿಕಿತ್ಸೆಯ ಎರಡು ಮಾರ್ಗಗಳು

ಮೊದಲನೆಯದು, ಅರಿವಳಿಕೆ ಕೊಟ್ಟು, ಕೊಯ್ಯದೆಯೇ ಕೀಲನ್ನು ಸ್ವಸ್ಥಾನದಲ್ಲಿ ಕೂರಿಸಿ, ಕಾಲನ್ನು ಮಡಿಸಿ ಪಟ್ಟಿ ಕಟ್ಟುವುದು. ಎರಡನೆಯದು ಶಸ್ತ್ರಚಿಕಿತ್ಸೆ. ಗುಂಡು ಮುರಿದಿದ್ದರೆ, ಕೂರಿಸಿದ ಕೀಲು ಮತ್ತೆ ಮತ್ತೆ ಜಾರಿದರೆ, ಅಥವಾ ಪೆಟ್ಟು ಹಳೆಯದಾಗಿದ್ದರೆ, ಎಲುಬಿನ ಗುಂಡನ್ನೇ ಕತ್ತರಿಸಿ ತೆಗೆಯುವರು. ನಾಯಿಗಳಲ್ಲಿ ಈ ಕ್ರಮವನ್ನು ಸ್ಪ್ರೂಲ್ ಎಂಬ ಪಶುವೈದ್ಯನು 1961ರಲ್ಲಿ ವಿವರಿಸಿ ಪ್ರಕಟಿಸಿದನು. ಗುಂಡು ಹೋದ ಸ್ಥಳದಲ್ಲಿ ನಾರಿನಂಥ ಪದರವು ಬೆಳೆದು, ಸುತ್ತಣ ಸ್ನಾಯುಗಳ ಬಲದಿಂದ ಒಂದು ಹೊಸ ಕೀಲಿನಂತೆ ಕೆಲಸ ಮಾಡುವುದು. ಕಾಲು ತುಸು ಗಿಡ್ಡವಾದರೂ ನೋವಿಲ್ಲದೆ ನಡೆಯಲು ಬರುವುದು. ಮೈಭಾರವು ಕಡಮೆಯಿರುವ ನಾಯಿಗಳಲ್ಲಿ ಫಲವು ಹೆಚ್ಚು.

ಈ ಎರಡು ಮಾರ್ಗಗಳ ಆರೈಕೆಯು ಒಂದಕ್ಕೊಂದು ವಿರುದ್ಧವಾದುದು. ಇದನ್ನು ಚೆನ್ನಾಗಿ ನೆನಪಿನಲ್ಲಿಡಬೇಕು. ಕೀಲನ್ನು ಕೂರಿಸಿ ಪಟ್ಟಿ ಕಟ್ಟಿದ ನಾಯಿಗೆ 10ರಿಂದ 14 ದಿನಗಳವರೆಗೆ ಪೂರ್ಣ ವಿಶ್ರಾಂತಿ ಬೇಕು. ಮಲಮೂತ್ರಕ್ಕೆ ಮಾತ್ರ ಹೊರಗೆ ಕರೆತರಬೇಕು. ಪಟ್ಟಿಯು ನೆನೆಯಬಾರದು. ಬೆರಳುಗಳು ಊದಿದರೆ ಅಥವಾ ತಣ್ಣಗಾದರೆ ಕೂಡಲೆ ವೈದ್ಯರಿಗೆ ತೋರಿಸಬೇಕು. ಗುಂಡನ್ನು ತೆಗೆದ ನಾಯಿಯನ್ನಾದರೋ ತಿಂಗಳುಗಟ್ಟಲೆ ಗೂಟಕ್ಕೆ ಕಟ್ಟಿದರೆ ಹೊಸ ಕೀಲು ಬಿಗಿದುಕೊಂಡು, ತೊಡೆಯು ಸೊರಗಿ, ಕಾಲು ವ್ಯರ್ಥವಾಗುವುದು. ಅದನ್ನು ಬೇಗನೆ, ಆದರೆ ಮೆಲ್ಲಗೆ, ನಡೆಸಬೇಕು. ಯಾವ ಚಿಕಿತ್ಸೆ ನಡೆಯಿತೆಂಬುದನ್ನು ವೈದ್ಯರಿಂದ ಕೇಳಿ ತಿಳಿಯದೆ ಆಸ್ಪತ್ರೆಯಿಂದ ಹೊರಡಬಾರದು.

ಗುಂಡು ತೆಗೆದ ಮೇಲೆ ಮನೆಯ ಆರೈಕೆ

1. ಮಲಗುವ ಸ್ಥಳ: ನುಣುಪಾದ ಕಲ್ಲಿನ ನೆಲದ ಮೇಲೆ ಕಾಲು ಜಾರುವುದು. ಮಣ್ಣಿನ ನೆಲವಾಗಲಿ, ಗೋಣಿತಾಟು ಹಾಸಿದ ನೆಲವಾಗಲಿ ಮೇಲು. ಏಳಲಾರದ ನಾಯಿಗೆ ಹಿಂಗಾಲುಗಳ ಮುಂದೆ ಹೊಟ್ಟೆಯ ಅಡಿಯಲ್ಲಿ ಅಗಲವಾದ ಟವೆಲನ್ನು ಹಾಯಿಸಿ ಎತ್ತಿ ಆಸರೆ ಕೊಡಬೇಕು.

2. ಗಾಯ: ಹೊಲಿಗೆಗಳನ್ನು 10ರಿಂದ 14 ದಿನಗಳಲ್ಲಿ ಬಿಚ್ಚುವರು. ಅದುವರೆಗೆ ನಾಯಿಯು ಗಾಯವನ್ನು ನೆಕ್ಕಬಾರದು. ಕೊರಳಿಗೆ ಹಾಕುವ ಅಗಲವಾದ ತಡೆಯು ದೊರೆಯದಿದ್ದರೆ, ತಳ ಕತ್ತರಿಸಿದ ಪ್ಲಾಸ್ಟಿಕ್ ಬಕೆಟ್ಟನ್ನು ಅಂಚು ಚುಚ್ಚದಂತೆ ಬಟ್ಟೆ ಸುತ್ತಿ ತೊಡಿಸಬಹುದು. ಅರಿಸಿನ, ಎಣ್ಣೆ, ಫಿನಾಯಿಲುಗಳನ್ನು ಹಚ್ಚಕೂಡದು. ನೊಣ ಕೂತು ಹುಳು ಬೀಳದಂತೆ ದಿನವೂ ನೋಡುತ್ತಿರಬೇಕು. ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ದಿನಕ್ಕೆ ಮೂರಾವರ್ತಿ, ಹತ್ತು ನಿಮಿಷದಂತೆ ಇಟ್ಟರೆ ಊತವು ಇಳಿಯುವುದು.

3. ನಡೆ: ವೈದ್ಯರು ಒಪ್ಪಿದ ದಿನದಿಂದ ಹಗ್ಗ ಹಿಡಿದು, ಐದು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ ನಡೆಸಬೇಕು. ವೇಗವಾಗಿ ಹೋದರೆ ನಾಯಿಯು ಕೆಟ್ಟ ಕಾಲನ್ನು ಎತ್ತಿಕೊಂಡು ಮೂರು ಕಾಲಿನಲ್ಲಿ ಕುಪ್ಪಳಿಸುವುದು. ನಿಧಾನವಾಗಿ ನಡೆಸಿದರೆ ನಾಲ್ಕನೆಯದನ್ನೂ ಊರಲೇಬೇಕಾಗುವುದು. ಆರೈಕೆಯ ಗುಟ್ಟು ಇಷ್ಟೇ. ವಾರವಾರಕ್ಕೂ ನಡೆಯನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು.

4. ಕಾಲಾಡಿಸುವುದು: ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಮಂಡಿಯನ್ನು ಹಿಡಿದು, ಕಾಲನ್ನು ಹಿಂದಕ್ಕೂ ಮುಂದಕ್ಕೂ ಹತ್ತು ಸಲ ಮೆಲ್ಲನೆ ಆಡಿಸಬೇಕು. ನೋವಿನಿಂದ ತಲೆ ತಿರುಗಿಸಿದರೆ ಅಲ್ಲಿಗೇ ನಿಲ್ಲಿಸಬೇಕು. ಗಾಯವು ಪೂರ್ತಿ ಮಾಯ್ದ ಮೇಲೆ, ಗೋಕಟ್ಟೆಯಲ್ಲಿ ನೀರಿದ್ದರೆ, ಅಂಚಿನ ಆಳವಿಲ್ಲದ ನೀರಿನಲ್ಲಿ ನಡೆಸುವುದು ಹಿತಕರ.

5. ಆಹಾರ: ರಾಗಿ ಅಂಬಲಿ, ಮಜ್ಜಿಗೆ, ಬೇಯಿಸಿದ ಮೊಟ್ಟೆ ಒಳ್ಳೆಯವು. ಈರುಳ್ಳಿಯನ್ನೂ ಬೇಯಿಸಿದ ಎಲುಬನ್ನೂ ಹಾಕಬಾರದು. ಕೂತ ನಾಯಿಯು ಬೇಗ ಕೊಬ್ಬುವುದು. ಕೊಬ್ಬಿದ ಮೈಯ ಭಾರವೆಲ್ಲ ಹೊಸ ಕೀಲಿನ ಮೇಲೆಯೇ ಬೀಳುವುದು.

ಎಷ್ಟು ಕಾಲ?

ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ನಾಯಿಯು ಬೆರಳ ತುದಿಯನ್ನು ನೆಲಕ್ಕೆ ತಾಗಿಸುವುದು. ಆಮೇಲೆ ಕ್ರಮೇಣ ಕಾಲಿನ ಮೇಲೆ ಭಾರ ಬಿಡುವುದು. ಪೂರ್ಣ ಗುಣಕ್ಕೆ ಕೆಲವು ತಿಂಗಳುಗಳೇ ಹಿಡಿಯುವುವು. ಮೂರು ವಾರಗಳಾದರೂ ಕಾಲೂರದಿದ್ದರೆ, ಗಾಯದಲ್ಲಿ ಕೀವು ಬಂದರೆ, ದಿನವೆಲ್ಲ ಆಹಾರ ಮುಟ್ಟದಿದ್ದರೆ, ಮತ್ತೆ ವೈದ್ಯರಲ್ಲಿಗೆ ಒಯ್ಯಬೇಕು. ಎರಡು ಮೂರು ತಿಂಗಳು ಕಳೆಯದೆ ಮಂದೆಯ ಹಿಂದೆ ಬಿಡಬಾರದು. ಬಿಡುವಾಗಲೂ ಮೊದಲು ಅರ್ಧ ದಿನ, ಊರ ಹತ್ತಿರದ ಮೇವಿಗೆ ಮಾತ್ರ.

ಗಾಯಗೊಂಡ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಗೆ ಗುರಿಮಾಡಿ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧವೂ ಹೌದು. ಆದರೆ ಕಾಯಿದೆಯ ಭಯಕ್ಕಿಂತ ತಿಳಿವಳಿಕೆಯೇ ಹೆಚ್ಚು ಕೆಲಸ ಮಾಡುವುದು. ಶಸ್ತ್ರವೈದ್ಯನ ಕೆಲಸವು ಒಂದು ದಿನದ್ದು, ಉಳಿದುದೆಲ್ಲ ಮನೆಯವರದು. ಗ್ರಾಮದ ಮುಖಂಡರೂ ಹಟ್ಟಿಯ ಯಜಮಾನರೂ ಈ ಸಂಗತಿಗಳನ್ನು ಮಂದೆಯವರಿಗೆ ಓದಿ ಹೇಳಿ, ಪೆಟ್ಟಾದ ದಿನವೇ ನಾಯಿಯನ್ನು ಸಾಗಿಸಲು ಒಂದು ಗಾಡಿಯನ್ನು ಒದಗಿಸಿಕೊಟ್ಟರೆ, ರಾತ್ರಿಯೆಲ್ಲ ಎಚ್ಚರವಿದ್ದು ಊರಿನ ಸೊತ್ತನ್ನು ಕಾದ ಪ್ರಾಣಿಗೆ ತಕ್ಕ ಪ್ರತ್ಯುಪಕಾರವನ್ನು ಮಾಡಿದಂತಾಗುವುದು.